ಬಾದಾಮಿಯಲ್ಲಿ ಕಪ್ಪೆ ಹುಡುಕಿದ್ದು

ನಮ್ಮ ಮನೆಯಲ್ಲಿ ಟ್ರಿಪ್ ಅಂದರೆ ಮೊದಲು ಜಗಳ, ಆಮೇಲೆ ವಾಟ್ಸಾಪ್ ಗ್ರೂಪ್, ಆಮೇಲೆ ಗ್ರೂಪಿನೊಳಗೆ ಜಗಳ. ಬಾದಾಮಿಗೆ ಹೋಗೋಣ ಅಂತ ಬಾಯಿ ತಪ್ಪಿ ಹೇಳಿದವನು ನಾನು. ಹಾಗಾಗಿ ಪ್ಲ್ಯಾನ್ ಮಾಡುವ ಕೆಲಸವೂ ನನ್ನ ತಲೆಗೇ ಬಂತು.

ಗ್ರೂಪಿನ ಮೊದಲ ಪ್ರಶ್ನೆ, ಯಾವಾಗ? ಡಿಸೆಂಬರ್ ಅಂದೆ. ಅಕ್ಕ ಒಪ್ಪಲಿಲ್ಲ, ಮಕ್ಕಳ ಪರೀಕ್ಷೆ ಮುಗಿಯಲಿ ಅಂದಳು. ಪರೀಕ್ಷೆ ಮುಗಿಯೋದು ಏಪ್ರಿಲ್‌ಗೆ. ಆ ಹೊತ್ತಿಗೆ ಬಾದಾಮಿಯ ಕೆಂಪು ಬಂಡೆಗಳು ರೊಟ್ಟಿ ಹಂಚಿನ ಹಾಗೆ ಕಾದಿರುತ್ತವೆ ಅಂತ ಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಚಳಿ ಇರುತ್ತಾ? ಮಂಕಿ ಕ್ಯಾಪ್ ತರಬೇಕಾ?" ಯಾರೂ ಉತ್ತರ ಕೊಡಲಿಲ್ಲ. ಅವರು ತಂದರು.

ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಬೆಳಗ್ಗೆ ಬಾದಾಮಿಯಲ್ಲಿ ಇಳಿಸುತ್ತದೆ. ರೈಲಿನ ಬುಕಿಂಗ್ 60 ದಿನ ಮೊದಲು ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಆ ದಿನ 8 ಗಂಟೆಗೆ ನಾವೆಲ್ಲ ಗ್ರೂಪಿನಲ್ಲಿ ಲೋವರ್ ಬರ್ತ್ ಯಾರಿಗೆ ಅಂತ ಚರ್ಚೆ ಮಾಡುತ್ತಿದ್ದೆವು. 9 ಜನರಲ್ಲಿ 5 ಮಂದಿಗೆ ಮಂಡಿ ನೋವು. ಯಾರ ಮಂಡಿ ಜಾಸ್ತಿ ನೋಯುತ್ತದೆ ಅಂತ ತೀರ್ಮಾನ ಆಗುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಬಂದುಬಿಟ್ಟಿತ್ತು. ಕೊನೆಗೆ ಒಂದು ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಬಾಡಿಗೆಗೆ ಹಿಡಿದೆವು.

ಇನ್ನು ನನ್ನ ಪ್ಲ್ಯಾನ್. ಅದನ್ನು ಎಕ್ಸೆಲ್‌ನಲ್ಲಿ ಮಾಡಿದ್ದೆ. ಗುಹೆಗೆ ಕೆಂಪು ಬಣ್ಣ, ಊಟಕ್ಕೆ ಹಳದಿ, ಟಾಯ್ಲೆಟ್‌ಗೆ ತಿಳಿನೀಲಿ. ಭಾವ ನೋಡಿ, "ಇದಕ್ಕೂ ಬಣ್ಣ ಹಾಕಿದ್ದೀಯಲ್ಲೋ, ಟೈಮಿಗೆ ಸರಿಯಾಗಿ ಬರದಿದ್ದರೆ?" ಅಂದರು. ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಈ ಕವರ್ ನೆನಪಿಟ್ಟುಕೊಳ್ಳಿ.

ಆ ಪ್ಲ್ಯಾನಿನ ಮುಖ್ಯ ಐಟಂ ಕಪ್ಪೆ ಅರಭಟ್ಟನ ಶಾಸನ. ಬಾದಾಮಿಯ ಬಂಡೆಯ ಮೇಲೆ ಸುಮಾರು 1300 ವರ್ಷ ಹಿಂದೆ ಕೆತ್ತಿದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ, ಅದರಲ್ಲಿದೆ. ಕಾಲೇಜಿನಲ್ಲಿ ಓದಿದಾಗಿನಿಂದ ನೋಡಬೇಕು ಅಂತ ಆಸೆ. ಒಂದು ತಪ್ಪು ಮಾಡಿದೆ. 6 ವರ್ಷದ ಮಗಳ ಎದುರಿಗೆ ಈ ಹೆಸರು ಹೇಳಿಬಿಟ್ಟೆ. ಅವಳು ಆ ದಿನವೇ ತನ್ನ ಪುಟ್ಟ ಬ್ಯಾಗಿಗೆ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಹಾಕಿಕೊಂಡಳು. ಯಾಕೆ ಅಂತ ಯಾರೂ ಕೇಳಲಿಲ್ಲ.

ಗುರುವಾರ ಬೆಳಗಿನ ಜಾವ 4.30ಕ್ಕೆ ಹೊರಡಬೇಕಿತ್ತು, 6.15ಕ್ಕೆ ಹೊರಟೆವು. ಬಾದಾಮಿ ಸುಮಾರು 450 ಕಿಲೋಮೀಟರ್. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ. ದಾರಿಯಲ್ಲಿ ಅಕ್ಕನ ಮಗನಿಗೆ ಇತಿಹಾಸ ಹೇಳೋಣ ಅಂತ, "ಇಮ್ಮಡಿ ಪುಲಕೇಶಿ ಗೊತ್ತೇನೋ?" ಅಂದೆ. "ಪುಲಕೇಶಿನಗರ ಗೊತ್ತು ಮಾವ. ಫ್ರೇಜರ್ ಟೌನ್ ಅಲ್ವಾ? ಬಿರಿಯಾನಿ ತಿಂತೀವಲ್ಲ" ಅಂದ. ಹರ್ಷನನ್ನು ನರ್ಮದೆಯಾಚೆ ತಡೆದು ನಿಲ್ಲಿಸಿದ ರಾಜನ ಹೆಸರು ಹೀಗಾದರೂ ಉಳಿದಿದೆಯಲ್ಲ ಅಂತ ಸುಮ್ಮನಾದೆ. ಚಿಕ್ಕಪ್ಪ ಎಸಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಹೊಸಪೇಟೆಯವರೆಗೂ ನಿದ್ದೆ ಹೊಡೆದರು. ಇಡೀ ಟ್ರಿಪ್ಪಿನಲ್ಲಿ ಉಪಯೋಗಕ್ಕೆ ಬಂದ ಒಂದೇ ಲಗೇಜ್ ಅದು.

ಶುಕ್ರವಾರ ಬೆಳಗ್ಗೆ 9ಕ್ಕೆ ಮ್ಯೂಸಿಯಂ. ಬಣ್ಣ ಹಸಿರು. ಎಲ್ಲರನ್ನೂ ಎಬ್ಬಿಸಿ, ತಿಂಡಿ ಅರ್ಧಕ್ಕೇ ಬಿಡಿಸಿ ಕರೆದುಕೊಂಡು ಹೋದೆ. ಗೇಟಿಗೆ ಬೀಗ. ಶುಕ್ರವಾರ ರಜೆಯಂತೆ. ಟಾಯ್ಲೆಟ್ಟಿಗೂ ಟೈಮ್ ಬರೆದವನು ಇದೊಂದನ್ನು ನೋಡಿರಲಿಲ್ಲ. 9 ಜನ ಸಾಲಾಗಿ ನಿಂತು ಬೀಗ ನೋಡಿದೆವು. "ಬೀಗ ಯಾವ ಕಾಲದ್ದು, ಚಾಲುಕ್ಯರದ್ದಾ?" ಅಂತ ಭಾವ ಕೇಳಿದರು. ಭಾವನ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬಾರದು ಅಂತ ಮದುವೆಯಾದ ಹೊಸದರಲ್ಲೇ ಅಕ್ಕ ನನಗೆ ಹೇಳಿಕೊಟ್ಟಿದ್ದಾಳೆ.

ಅಲ್ಲಿಂದ ಗುಹೆಗಳಿಗೆ. ಮೊದಲ ಗುಹೆಯ ಹೊರಗೇ 18 ಕೈಗಳ ನಟರಾಜ. ಹೆಂಡತಿ ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತಳು. ಶಿಲ್ಪಕಲೆ ಹಿಡಿಸಿತು ಅಂದುಕೊಂಡೆ. "ರೀ, ನಿನ್ನೆ ಬೆಳಗ್ಗೆ 4 ಗಂಟೆಗೆ ನನಗೂ ಇಷ್ಟು ಕೈ ಬೇಕಿತ್ತು" ಅಂದಳು. 4 ಗಂಟೆಗೆ ನಾನು ಏನು ಮಾಡುತ್ತಿದ್ದೆ ಅನ್ನುವ ವಿಷಯ ಬರುವ ಮುಂಚೆ ಎಲ್ಲರನ್ನೂ ಮುಂದಕ್ಕೆ ಹೊರಡಿಸಿದೆ.

ಮೂರನೇ ಗುಹೆಯ ಹತ್ತಿರ ಕವರ್ ತೆಗೆದೆ. ಆ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಬರೆಸಿದ ಶಾಸನ ಇದೆ, ಇಸವಿ 578. ಅದನ್ನು ಓದಿ ಹೇಳೋಣ ಅಂತ ಬಾಯಿ ತೆರೆದೆ, ಅಷ್ಟೇ. ಬಾದಾಮಿಯ ಕೋತಿಗಳಿಗೆ ಪ್ಲಾಸ್ಟಿಕ್ ಕವರ್ ಅಂದರೆ ತಿಂಡಿ ಅಂತ ಲೆಕ್ಕ. ಎಲ್ಲಿಂದ ಬಂತೋ, ಕವರನ್ನು ಕಿತ್ತುಕೊಂಡು ಮೇಲೆ ಬಂಡೆಯಂಚಿಗೆ ಹೋಗಿ ಕೂತಿತು. ಕವರ್ ಹರಿಯಿತು. ಮೊದಲ ಹಾಳೆ ಮೂಸಿತು. ಎರಡನೆಯದನ್ನು ಸ್ವಲ್ಪ ಅಗಿದು ಉಗಿಯಿತು. ಆಮೇಲೆ ಎಲ್ಲವನ್ನೂ ಒಂದೊಂದಾಗಿ ಕೆಳಗೆ ಬಿಟ್ಟಿತು. ನನ್ನ ಶನಿವಾರ ಗಾಳಿಯಲ್ಲಿ ತೇಲಿಕೊಂಡು ಅಗಸ್ತ್ಯ ಕೆರೆಯ ಕಡೆ ಹೋಯಿತು. ಕೋಲು ಹಿಡಿದು ನಿಂತಿದ್ದ ಕಾವಲಿನವರು ನನ್ನನ್ನು ಸಮಾಧಾನ ಮಾಡುವ ಹಾಗೆ, "ನಿಮ್ಮ ಕಾಗದ ಮಂಗ್ಯಾಗೂ ಬ್ಯಾಡಂತ್ರೀ ಸರ" ಅಂದರು.

ಆ ಕ್ಷಣವೇ ಅಮ್ಮ ಅಧಿಕಾರ ವಹಿಸಿಕೊಂಡಳು. "ಇವತ್ತು ಶುಕ್ರವಾರ, ದೇವಿ ವಾರ. ನಡೀರಿ ಬನಶಂಕರಿಗೆ." ನಾನು ಬನಶಂಕರಿಗೆ ಭಾನುವಾರ ಹೊರಡುವ ಮುಂಚೆ 40 ನಿಮಿಷ ಕೊಟ್ಟಿದ್ದೆ. ಆದರೆ ಅದನ್ನು ತೋರಿಸಲು ಈಗ ಕೈಯಲ್ಲಿ ಕಾಗದ ಇರಲಿಲ್ಲ. ಬಾದಾಮಿಯಿಂದ 5 ಕಿಲೋಮೀಟರ್. ಶುಕ್ರವಾರ ಆದ್ದರಿಂದ ಜನವೋ ಜನ. ದರ್ಶನ ಆಗಿ ಹೊರಗೆ ಬಂದರೆ ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು. "ಬರ್ರೀ ಯವ್ವಾ, ರೊಟ್ಟಿ ಐತಿ, ಎಣ್ಣೆಗಾಯಿ ಐತಿ, ಕುಡಿಕಿ ಮೊಸರೈತಿ!" ನನ್ನ ಪ್ಲ್ಯಾನಿನಲ್ಲಿ ಊಟ ಊರಿನ ಎಸಿ ಹೋಟೆಲಿನಲ್ಲಿತ್ತು. ಅಮ್ಮ ಆಗಲೇ ನೆಲದ ಮೇಲೆ ಕೂತು ಆಗಿತ್ತು. ಮಂಡಿ ನೋವಿನ ಐವರಲ್ಲಿ ಮೊದಲನೆಯವಳು ಅವಳೇ ಅಂತ ಹೇಳಲೇಬೇಕು.

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಯಾರೂ ಮಾತಾಡಲಿಲ್ಲ. ನಮ್ಮ ಕುಟುಂಬದಲ್ಲಿ ಇದು ನಡೆದದ್ದೇ ಮೊದಲು. ಮೂರನೇ ರೊಟ್ಟಿಯ ಹೊತ್ತಿಗೆ ಅಮ್ಮನಿಗೂ ಆ ಹೆಂಗಸಿಗೂ ಸೊಸೆಯಂದಿರ ವಿಷಯಕ್ಕೆ ಸ್ನೇಹ ಬೆಳೆದು, ನನ್ನ ಹೆಂಡತಿ ಸ್ವಲ್ಪ ದೂರ ಹೋಗಿ ಕೂತಳು. ನಾವು ಅಲ್ಲಿಂದ ಎದ್ದಾಗ 4 ಗಂಟೆ.

ಶನಿವಾರ ಪಟ್ಟದಕಲ್ಲು. 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ವಿರೂಪಾಕ್ಷ ದೇವಸ್ಥಾನದಲ್ಲಿ ಈಗಲೂ ಪೂಜೆ ನಡೆಯುವುದರಿಂದ ಚಪ್ಪಲಿ ಬಿಡಬೇಕು. ಏಪ್ರಿಲ್ ಮಧ್ಯಾಹ್ನದ ಕಲ್ಲು. 9 ಜನರೂ ನಟರಾಜನ ಭಂಗಿಗಳನ್ನು ಒಂದೊಂದಾಗಿ ಮಾಡುತ್ತಾ ಒಳಗೆ ಓಡಿದೆವು. ಒಳಗೆ ನೆರಳಿನಲ್ಲಿ ನಿಂತು, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು ಅಂತ ಹೇಳಿದೆ. ಅಕ್ಕ ಭಾವನ ಕಡೆ ತಿರುಗಿದಳು.

"ಕೇಳಿದ್ರಾ? ನೀವು ಏನು ಗೆದ್ದಿದ್ದೀರಿ?"

"ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಚುನಾವಣೆ. 2 ವೋಟಿನಿಂದ."

"ಅದಕ್ಕೆ ಒಂದು ತುಳಸಿ ಕಟ್ಟೆ ಕಟ್ಟಿಸಬಹುದು."

ಪಕ್ಕದ ಮಲ್ಲಿಕಾರ್ಜುನ ದೇವಸ್ಥಾನ ಕಟ್ಟಿಸಿದ್ದು ಅದೇ ರಾಣಿಯ ತಂಗಿ ಅಂತಲೂ ಹೇಳಿದೆ. ಅಕ್ಕ ಎರಡನ್ನೂ ಒಮ್ಮೆ ಅಳೆದು ನೋಡಿ, "ಅಕ್ಕನದೇ ದೊಡ್ಡದು" ಅಂದಳು, ನನ್ನನ್ನೇ ನೋಡುತ್ತಾ. ಐಹೊಳೆಗೆ ಹೋಗೋಣವಾ ಅಂತ ಕೇಳಿದೆ. ಮೇಗುತಿ ಗುಡ್ಡ ಹತ್ತಬೇಕು ಅಂತ ಕೇಳಿದ್ದೇ ತಡ, ಐವರೂ ಒಟ್ಟಿಗೆ ಮಂಡಿ ಹಿಡಿದುಕೊಂಡರು.

ಸಂಜೆ ವಾಪಸ್ ಬಾದಾಮಿ, ಕೆರೆಯ ಆ ದಂಡೆಯ ಭೂತನಾಥ ದೇವಸ್ಥಾನ. ಕಪ್ಪೆ ಅರಭಟ್ಟನ ಶಾಸನ ಕೆರೆಯ ಈಶಾನ್ಯದ ಬಂಡೆಯ ಮೇಲೆ. ಹೊತ್ತು ಮುಳುಗುತ್ತಿತ್ತು. ಮೇಲೆ ಹತ್ತಲು ಯಾರೂ ತಯಾರಿಲ್ಲ. ನಿಜ ಹೇಳಬೇಕೆಂದರೆ ನನ್ನ ಅಂಗಾಲೂ ಇನ್ನೂ ಪಟ್ಟದಕಲ್ಲಿನಲ್ಲೇ ಇತ್ತು. 450 ಕಿಲೋಮೀಟರ್ ಬಂದು, ಕೈ ಎತ್ತಿ, "ಆ ಕಡೆ ಎಲ್ಲೋ ಇದೆ" ಅಂತ ತೋರಿಸಿದೆ. ಮೊಬೈಲ್ ತೆಗೆದು ಗಟ್ಟಿಯಾಗಿ ಓದಿದೆ: "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್." ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾಗಿ ಇದ್ದವರಿಗೆ ಸಿಹಿ, ಕಾಟ ಕೊಡುವವರಿಗೆ ಮಾತ್ರ ಬೇರೆಯೇ ಮನುಷ್ಯ ಅಂತ ಅರ್ಥ ಹೇಳಿದೆ. "ನಮ್ಮತ್ತೆ ಥೇಟ್ ಹೀಗೇ ಇದ್ರು" ಅಂದಳು ಅಮ್ಮ. ಹೆಂಡತಿ ಏನೂ ಅನ್ನಲಿಲ್ಲ, ಅಮ್ಮನನ್ನೇ ನೋಡಿದಳು.

ಆಗ ಮಗಳು ಬ್ಯಾಗಿನಿಂದ ಹಾರ್ಲಿಕ್ಸ್ ಬಾಟಲಿ ತೆಗೆದಳು.

"ಅಪ್ಪಾ, ಕಪ್ಪೆ ಎಲ್ಲಿ?"

ಕಪ್ಪೆ ಅನ್ನೋದು ಒಬ್ಬ ಅಂಕಲ್ ಹೆಸರು ಅಂತ ಹೇಳಿ ನೋಡಿದೆ. ಎರಡು ದಿನ ಬಾಯಿ ಮುಚ್ಚಿಕೊಂಡು ಗುಹೆ, ಬೀಗ, ದೇವಸ್ಥಾನ ನೋಡಿದ ಮಗು ಆಗ ತೆಗೆದ ರಾಗ ಇದೆಯಲ್ಲ, ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬಂತು. ಚಿಕ್ಕಪ್ಪ ಪ್ಯಾಂಟ್ ಮಡಚಿದರು. ಭಾವ ಮೊಬೈಲ್ ಟಾರ್ಚ್ ಹಾಕಿದರು. ಅಕ್ಕ, ಚಿಕ್ಕಮ್ಮ, ಎಲ್ಲರೂ ಮಂಡಿ ಮರೆತು ಕೆರೆಯ ಮೆಟ್ಟಿಲ ಮೇಲೆ ಬಗ್ಗಿದರು. ಆ ಕಡೆಯಿಂದ ಟಿಟಿ ಡ್ರೈವರ್ ಫೋನ್ ಮಾಡಿ, ಎಲ್ಲಿದ್ದೀರಿ ಸಾರ್, ಏನು ನೋಡ್ತಿದ್ದೀರಿ ಇಷ್ಟು ಹೊತ್ತು ಅಂತ ಕೇಳಿದ.

"ಕಪ್ಪೆ" ಅಂದೆ.