ಲೈಟ್‌ಸೇಬರ್ ಅಳೆಯುವವರು, ಗದೆ ಕೆತ್ತುವವರು

ನಾನಿರುವುದು ಕುಂಬಳೆ ಕಡೆ. 1956ರಿಂದ ನಮ್ಮ ಊರು ಕೇರಳಕ್ಕೆ ಸೇರಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಮನೆಯವರೊಡನೆ ತುಳು. ಇಲ್ಲಿ ಕೂತು ಇಂಗ್ಲಿಷ್ ವೈಜ್ಞಾನಿಕ ಸಿನಿಮಾಗಳ ಕತ್ತಿ, ಕೋವಿಗಳ ಪ್ರತಿರೂಪ ಮಾಡುವುದು ನನ್ನ ಹವ್ಯಾಸ. ಈ ಪ್ರಾಯದಲ್ಲಿ ಆಟಿಕೆ ಕೋವಿಯಾ ಎಂದು ಕೇಳುವವರಿದ್ದಾರೆ. ಆದರೆ ಇದರಲ್ಲಿ ಮಾಡುವ ಕೆಲಸಕ್ಕಿಂತ ಹುಡುಕುವ ಕೆಲಸವೇ ಜಾಸ್ತಿ. ಆ ಹುಡುಕಾಟದ ರೀತಿ ನಮ್ಮ ಯಕ್ಷಗಾನಕ್ಕೂ ತುರ್ತಾಗಿ ಬೇಕು ಅನ್ನುವುದು ನನ್ನ ಅನಿಸಿಕೆ.

1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಲೈಟ್‌ಸೇಬರನ್ನೇ, ಅಂದರೆ ಬೆಳಕೇ ಅಲಗಾಗಿರುವ ಕತ್ತಿಯನ್ನೇ ನೋಡಿ. ಅದರ ಹಿಡಿ ಯಾವ ಕಾರ್ಖಾನೆಯಲ್ಲೂ ಆಯುಧವೆಂದು ತಯಾರಾದದ್ದಲ್ಲ. ಸೆಟ್ ಸಜ್ಜು ಮಾಡುತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರಿಗೆ ಲಂಡನ್ನಿನ ಒಂದು ಕ್ಯಾಮೆರಾ ಅಂಗಡಿಯಲ್ಲಿ ಗ್ರಾಫ್ಲೆಕ್ಸ್ ಕಂಪನಿಯ ಹಳೇ ಫ್ಲಾಶ್ ಹಿಡಿಗಳು ಸಿಕ್ಕವು. ಟಾರ್ಚಿನ ಮೂರು ದೊಡ್ಡ ಸೆಲ್ ಹಿಡಿಸುವ ಲೋಹದ ಕೊಳವೆ. ಅದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿದರು. ಕ್ಲ್ಯಾಂಪಿನ ಮೇಲೆ ಸಾಲಾಗಿ ಗುಳ್ಳೆಗಳಂತೆ ಕಾಣುವುದು ಹಳೇ ಕ್ಯಾಲ್ಕುಲೇಟರಿನ ಲೆನ್ಸ್ ಪಟ್ಟಿ, ಅಂಕಿಗಳನ್ನು ದೊಡ್ಡದಾಗಿ ತೋರಿಸಲಿಕ್ಕೆ ಇದ್ದದ್ದು. ಓಬಿ-ವಾನ್ ಪಾತ್ರದ ಹಿಡಿಯಂತೂ ಇನ್ನೂ ಗೋಜಲು. ರೋಲ್ಸ್ ರಾಯ್ಸ್ ಡರ್ವೆಂಟ್ ಜೆಟ್ ಎಂಜಿನ್ನಿನ ಒಂದು ಕೊಳವೆ, ಬ್ರಿಟಿಷರ ಹಳೇ ರೈಫಲ್ ಗ್ರೆನೇಡ್, ಬ್ರೌನಿಂಗ್ ಮೆಷಿನ್ ಗನ್ನಿನ ಒಂದು ಬಿಡಿಭಾಗ, ಸ್ನಾನದ ಮನೆಯ ನಲ್ಲಿಯ ತಿರುಪು, ಎಲ್ಲವೂ ಅದರಲ್ಲಿ ಸೇರಿಕೊಂಡಿವೆ.

ಇದನ್ನೆಲ್ಲ ಹವ್ಯಾಸಿಗಳು ಮಸುಕಾದ ಫೋಟೋಗಳನ್ನು ಇಟ್ಟುಕೊಂಡು, ಗುಜರಿ ಜಾಲಾಡಿ, ಒಂದೊಂದಾಗಿ ಗುರುತು ಹಿಡಿದರು. ಅವರ ಉಪಾಯ ಸರಳ. ಚಿತ್ರದಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಸಿಕ್ಕಿದರೆ ಉಳಿದದ್ದರ ಅಳತೆಯೂ ಸಿಗುತ್ತದೆ. ಟಾರ್ಚಿನ ದೊಡ್ಡ ಸೆಲ್ಲಿನ ಅಡ್ಡಳತೆ ಸುಮಾರು 34 ಮಿಲಿಮೀಟರ್. ಅಂದಮೇಲೆ ಆ ಕೊಳವೆ ಅದಕ್ಕಿಂತ ಸಪೂರ ಇರಲಿಕ್ಕೆ ಸಾಧ್ಯವೇ ಇಲ್ಲ. ಅಲ್ಲಿಂದ ಸ್ಕ್ರೂ, ಪಟ್ಟಿ, ಗುಂಡಿ ಎಂದು ಲೆಕ್ಕ ಮುಂದೆ ಹೋಗುತ್ತದೆ. 1982ರ ‘ಬ್ಲೇಡ್ ರನ್ನರ್’ ಸಿನಿಮಾದ ಪಿಸ್ತೂಲು ಸ್ಟೈಯರ್ ರೈಫಲಿನ ಭಾಗಗಳನ್ನೂ ಚಾರ್ಟರ್ ಆರ್ಮ್ಸ್ ರಿವಾಲ್ವರನ್ನೂ ಜೋಡಿಸಿ ಮಾಡಿದ್ದು. ಅದರ ಮೂಲ 2006ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಮ್ಮೇಳನದಲ್ಲಿ ಪ್ರದರ್ಶನಕ್ಕೆ ಬಂದಾಗ ಈ ಹವ್ಯಾಸಿಗಳಿಗಾದ ಸಂಭ್ರಮ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿಯ ತನಕ ಪರದೆ ನೋಡಿ ಕಟ್ಟಿದ ಊಹೆಗಳನ್ನು ನಿಜವಾದ ವಸ್ತುವಿನ ಎದುರು ಇಟ್ಟು ನೋಡುವ ಭಾಗ್ಯ ಅದು.

ನಮ್ಮ ಕಡೆಯ ರೀತಿಯೇ ಬೇರೆ. ಕುಂಬಳೆ ಅಂದರೆ ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರು. ತೆಂಕುತಿಟ್ಟಿನ, ಅಂದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯ, ಕಿರೀಟ, ಭುಜಕೀರ್ತಿ, ಗದೆಗಳಿಗೆ ‘ಒಂದೇ ಮೂಲ’ ಅಂತ ಇಲ್ಲ. ಹಗುರ ಮರ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸುತ್ತಾರೆ. ದೊಂದಿಯ ಬೆಳಕಿಗೆ ಹೊಳೆಯಲಿ ಎಂದು ಬೆಳೆದು ಬಂದ ಕೆಲಸ ಅದು. ನಮ್ಮ ಕಡೆ ಗದೆ ಕೆತ್ತುವ ಒಬ್ಬ ಅಣ್ಣನ ಕೆಲಸ ನೋಡುತ್ತ ನಾನು ಎಷ್ಟೋ ಹೊತ್ತು ಕೂತಿದ್ದೇನೆ. ಹತ್ತಿರ ಸ್ಕೇಲ್ ಇಲ್ಲ. ಎತ್ತಿ ಹಿಡಿಯುತ್ತಾರೆ, ಮಣಿಕಟ್ಟು ತಿರುಗಿಸಿ ಒಂದು ಸುತ್ತು ಹಾಕಿಸುತ್ತಾರೆ. ಭಾರ ಅನಿಸಿದರೆ ಹಿಡಿಯ ಹತ್ತಿರ ಉಳಿ ಇಟ್ಟು ತೆಳುವಾಗಿ ಒಂದು ಪದರ ತೆಗೆಯುತ್ತಾರೆ. ‘ಇಡೀ ರಾತ್ರಿ ಕುಣಿಯಲಿಕ್ಕುಂಟಲ್ಲ ಅವರಿಗೆ’ ಅನ್ನುತ್ತಾರೆ. ಅಳತೆಯೆಲ್ಲ ಕೈಯಲ್ಲಿದೆ. ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದವರು ಇದೇ ವೇಷಭೂಷಣವನ್ನು ಪುಟ್ಟ ಬೊಂಬೆಗಳಿಗೆ ತೊಡಿಸುತ್ತಾರೆ. ಪ್ರತಿರೂಪ ಮಾಡುವ ಕಲೆಯಲ್ಲಿ ಅದಕ್ಕಿಂತ ಸೂಕ್ಷ್ಮವಾದದ್ದನ್ನು ನಾನು ಕಂಡಿಲ್ಲ.

ದೈವದ ಭಂಡಾರದಲ್ಲಿರುವ ಕತ್ತಿಯ ವಿಷಯ ಬೇರೆ. ಅದು ಪೂಜೆಯ ವಸ್ತು. ಅದನ್ನು ಅಳೆಯಲಿಕ್ಕೆ ನಾನು ಕೇಳುವುದೂ ಇಲ್ಲ, ಯಾರೂ ಕೇಳಬಾರದು.

ಗದೆ ಕೆತ್ತುವ ಆ ಅಣ್ಣನ ಕೈಗೆ ನಾನು ತಲೆಬಾಗುತ್ತೇನೆ. ಇಂಗ್ಲಿಷ್ ಸಿನಿಮಾದ ಹವ್ಯಾಸಿಗಳು ಒಂದು ಗೀರನ್ನೂ ಬಿಡದೆ ಮೂಲವನ್ನು ಹಿಂಬಾಲಿಸುತ್ತಾರೆ. ಹಾಗಾಗಿ ಅವರ ವಸ್ತು ಗಾಜಿನ ಕಪಾಟು ಸೇರುತ್ತದೆ. ನಮ್ಮದು ಆಟಕ್ಕೆ ಹೋಗುತ್ತದೆ, ಸವೆಯುತ್ತದೆ, ಮತ್ತೆ ಹೊಸದಾಗುತ್ತದೆ. ಆ ಜೀವಂತಿಕೆ ನನಗೆ ಹೆಚ್ಚು ಇಷ್ಟ. ಆದರೆ ಒಂದು ಸಂಕಟವಿದೆ. ಸಿನಿಮಾದಲ್ಲಿ ಕೆಲವೇ ನಿಮಿಷ ಕಾಣುವ ಒಂದು ಹಿಡಿಯ ಸ್ಕ್ರೂ ಎಲ್ಲಿಯದು ಅಂತ ಜಗತ್ತಿಗೆ ಗೊತ್ತಿದೆ. ನಮ್ಮ ಊರಲ್ಲಿ ತಲೆಮಾರುಗಟ್ಟಲೆ ಕುಣಿದ ಕಿರೀಟದ ಸುತ್ತಳತೆ ಎಲ್ಲೂ ಬರೆದಿಲ್ಲ. ಹಳೆಯದು ಮುರಿದರೆ ಒಲೆಗೆ ಹೋಗುತ್ತದೆ. ಕೆತ್ತುವವರ ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋಗಿಯಾಗಿದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕೈ ನಿಂತ ದಿನ ಅಳತೆಯೂ ಹೋಗುತ್ತದೆ, ಅಲ್ವಾ?

ಇದಕ್ಕೆ ದೊಡ್ಡ ಸಂಸ್ಥೆ, ಅನುದಾನ ಏನೂ ಬೇಡ. ಮನೆಯ ಅಟ್ಟದಲ್ಲಿ ಯಕ್ಷಗಾನದ ಹಳೇ ಆಭರಣ ಇರುವವರು ಹೊಸ ಬಣ್ಣ ಬಳಿಯುವ ಮೊದಲು ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಮೊಬೈಲಲ್ಲಿ ಫೋಟೋ ತೆಗೆಯಿರಿ. ತೂಕ ನೋಡಿ, ಯಾವ ಮರ ಅಂತ ಹಿರಿಯರನ್ನು ಕೇಳಿ ಬರೆದಿಡಿ. ಮುಂಬದಿಯದ್ದನ್ನು ಎಲ್ಲರೂ ತೆಗೆಯುತ್ತಾರೆ, ಹಿಂಬದಿಯದ್ದನ್ನೂ ತಪ್ಪದೆ ತೆಗೆಯಿರಿ. ದಾರ ಕಟ್ಟುವ ತೂತು, ಉಳಿಯ ಗೀರು, ಒಡೆದಲ್ಲಿ ಹಾಕಿದ ತೇಪೆ, ಇನ್ನೊಂದು ಮಾಡಲಿಕ್ಕೆ ಹೊರಟವನಿಗೆ ಮೊದಲು ಬೇಕಾಗುವುದು ಇವೇ.