ಹಾಲಿಡೇ ವಿಷಯದಲ್ಲಿ ಸ್ವಲ್ಪ ತಾಳ್ಮೆ ಇರಲಿ

ಅಮೆರಿಕದ ಬೇಸ್‌ಬಾಲ್ ಆಟಗಾರ ಜಾಕ್ಸನ್ ಹಾಲಿಡೇಯನ್ನು 20ನೇ ವಯಸ್ಸಿಗೇ ಬಾಲ್ಟಿಮೋರ್ ಓರಿಯೋಲ್ಸ್‌ನ ಮುಖ್ಯ ತಂಡಕ್ಕೆ ಕರೆಸಿದ್ದು ಆತುರವಾಯಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್. ನನಗೆ ಹಾಗನ್ನಿಸುವುದಿಲ್ಲ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ 2022ರ ಮೊದಲ ಆಯ್ಕೆ ಈ ಹುಡುಗ. 2023ರ ಒಂದೇ ಸೀಸನ್ನಿನಲ್ಲಿ ಡೆಲ್ಮಾರ್ವಾ, ಅಬರ್ಡೀನ್, ಬೋವಿ, ನಾರ್ಫೋಕ್ ಹೀಗೆ ಬಾಲ್ಟಿಮೋರ್‌ನ ಕೆಳಹಂತದ ತಂಡಗಳ ನಾಲ್ಕೂ ಮೆಟ್ಟಿಲು ಹತ್ತಿ ಬಂದ. ಇನ್ನೆಷ್ಟು ಕಾಯಿಸಬೇಕಿತ್ತು?

2024ರ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಬರುವ 34 ಬ್ಯಾಟಿಂಗ್ ಸರದಿಗಳಲ್ಲಿ ಬರೀ 2 ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಗಳಿಸಿದ್ದು ನಿಜ, ನೋಡೋಕೇ ಆಗುತ್ತಿರಲಿಲ್ಲ. ವಾಪಸ್ ನಾರ್ಫೋಕ್‌ಗೆ ಕಳಿಸಿದರು. ಜುಲೈ 31ರಂದು ಮರಳಿ ಬಂದವನು ಟೊರಾಂಟೊ ವಿರುದ್ಧ ಹೊಡೆದ ಮೊದಲ ಹೋಮ್ ರನ್ನೇ (ನಮ್ಮ ಸಿಕ್ಸರ್ ಇದ್ದ ಹಾಗೆ) ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್! ಆ ಚೆಂಡು ಮೈದಾನದ ಗೋಡೆಯಾಚೆಯ ಯೂಟಾ ಸ್ಟ್ರೀಟಿಗೆ ಹೋಗಿ ಬಿತ್ತು. (ಹಾಗಂತ ಅವನ ಕಷ್ಟ ಅಲ್ಲಿಗೇ ಮುಗಿಯಲಿಲ್ಲ, ಅದು ಬೇರೆ ಮಾತು.)

ರಣಜಿಯಲ್ಲಿ ರನ್ ಗುಡ್ಡೆ ಹಾಕಿದವರೆಲ್ಲ ಟೆಸ್ಟಿನಲ್ಲಿ ನಿಲ್ಲುತ್ತಾರಾ? ನಾರ್ಫೋಕ್ ಆಡುವ ಟ್ರಿಪಲ್-ಎ, ಅಂದರೆ ಮುಖ್ಯ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿನ ಹಂತದ, ಅಂಕಿಗಳೂ ಅಷ್ಟೇ. ಅಲ್ಲಿಯ ಪಿಚರ್ (ಚೆಂಡು ಎಸೆಯುವವನು) ತಪ್ಪಿ ಎಸೆಯುವಂಥ ಸುಲಭದ ಚೆಂಡುಗಳು ಮುಖ್ಯ ಲೀಗಿನಲ್ಲಿ ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ಅವನನ್ನು ಅಲ್ಲೇ ಇನ್ನೂ ಕಾಯಿಸಿ ಏನು ಪ್ರಯೋಜನ?

ಇನ್ನೊಂದು, ನಿಮ್ಮ ಲೇಖನ ಮೊದಲ ಆಯ್ಕೆಯವರ ಸುತ್ತಲೇ ಸುತ್ತುತ್ತದೆ. 2019ರಲ್ಲಿ ಎಲ್ಲರ ಕಣ್ಣು ಬಾಲ್ಟಿಮೋರ್‌ನ ಮೊದಲ ಆಯ್ಕೆ ಆಡ್ಲಿ ರಚ್‌ಮನ್ ಮೇಲಿತ್ತು. ಅದೇ ವರ್ಷ ಎರಡನೇ ಸುತ್ತಿನಲ್ಲಿ ಸಿಕ್ಕ ಗನ್ನರ್ ಹೆಂಡರ್ಸನ್ 2023ರಲ್ಲಿ ಅಮೆರಿಕನ್ ಲೀಗಿನ (ಎರಡು ಮುಖ್ಯ ಲೀಗುಗಳಲ್ಲಿ ಒಂದು) ವರ್ಷದ ರೂಕಿ, ಅಂದರೆ ವರ್ಷದ ಅತ್ಯುತ್ತಮ ಹೊಸ ಆಟಗಾರ, ಆದ. 2018ರಲ್ಲಿ 115 ಪಂದ್ಯ ಸೋತ ತಂಡದ ಅಭಿಮಾನಿಗಳಿಗೆ ಆಗ ಕೆಳಗಿನ ಲೀಗುಗಳ ಸ್ಕೋರ್ ನೋಡುವುದೇ ಮನರಂಜನೆ. ಡೆಲ್ಮಾರ್ವಾ ಹುಡುಗರ ಬಗ್ಗೆಯೂ ಒಂದು ಲೇಖನ ಬರೀರಿ, ಓದುತ್ತೇವೆ.