ನಮ್ಮೂರಲ್ಲಿ ಹೀಗಿರಲಿಲ್ಲ ಅನ್ನೋದನ್ನು ಅಲ್ಲೇ ಬಿಟ್ಟು ಬನ್ನಿ

ಬೇಸಿಗೆ ಬಂತೆಂದರೆ ನನ್ನ ಇನ್‌ಬಾಕ್ಸ್‌ನಲ್ಲಿ ಒಂದೇ ರಾಗ. "ನ್ಯೂಜೆರ್ಸಿ ಸಾಕಾಗಿದೆ, ನಾರ್ತ್ ಕೆರೊಲಿನಾ ಕಡೆ ಬರೋಣ ಅಂತಿದ್ದೀವಿ, ಕ್ಯಾರಿ ಹೇಗಿದೆ?" ಆಮೇಲೆ ಸ್ಕೂಲ್ ರೇಟಿಂಗ್, ಮನೆ ಬೆಲೆ, ದೇವಸ್ಥಾನ ಎಷ್ಟು ದೂರ, ಒಳ್ಳೆ ದೋಸೆ ಎಲ್ಲಿ ಸಿಗುತ್ತೆ. ನಾವೆಲ್ಲ ಹೀಗೆ ದಂಡುಕಟ್ಟಿಕೊಂಡು ಬರುತ್ತಿರೋದು ಇಲ್ಲಿನ ಹಳಬರಿಗೆ ಹೇಗನ್ನಿಸುತ್ತಿದೆ ಅಂತ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಾನೂ ನ್ಯೂಜೆರ್ಸಿಯಿಂದಲೇ ಬಂದವನು.

ಅವರಿಗೆ ಕಿರಿಕಿರಿ ಆಗಿದೆ, ಅದನ್ನೇನೂ ಮುಚ್ಚಿಡುವುದಿಲ್ಲ. ಕ್ಯಾರಿ ಅನ್ನೋ ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಬಿಡಿಸಿ, ಇದು ವಲಸೆ ಬಂದ ಯಾಂಕಿಗಳನ್ನು ಕೂಡಿಹಾಕುವ ಜಾಗ ಅಂತ ಹಳೇ ಜೋಕು ಮಾಡಿಟ್ಟಿದ್ದಾರೆ. ಯಾಂಕಿ ಅಂದರೆ ಉತ್ತರದ ರಾಜ್ಯಗಳವನು. ಊರು ನೋಡಿಕೊಂಡು ವಾಪಸ್ ಹೋದರೆ ಬರೀ ಯಾಂಕಿ, ಇಲ್ಲೇ ಮನೆ ಮಾಡಿದರೆ ಡ್ಯಾಮ್ ಯಾಂಕಿ! ನ್ಯೂಯಾರ್ಕಿನಿಂದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನ ಸೆಕೆ ತಡೆಯಲಾರದೆ ಅರ್ಧ ದಾರಿ ಹಿಂದಕ್ಕೆ ಬಂದು ಇಲ್ಲಿ ಇಳಿದವರಿಗೆ ಹಾಫ್‌ಬ್ಯಾಕ್ ಅಂತ ಬೇರೆ ಹೆಸರು. ಟೆಕ್ಸಾಸಿನಲ್ಲಿ ಇದೇ ಸಿಟ್ಟು ಕ್ಯಾಲಿಫೋರ್ನಿಯಾದವರ ಮೇಲಿದೆ.

ಸಿಟ್ಟಿಗೆ ಕಾರಣ ಇಲ್ಲದೇ ಇಲ್ಲ. 1970ರಲ್ಲಿ ಕ್ಯಾರಿಯಲ್ಲಿ ಎಂಟು ಸಾವಿರ ಜನವೂ ಇರಲಿಲ್ಲ. 2020ರ ಜನಗಣತಿಯಲ್ಲಿ 1,74,721. ರಾಲಿ, ಕ್ಯಾರಿ ಎಲ್ಲ ಸೇರಿರುವ ವೇಕ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಒಂಬತ್ತು ಲಕ್ಷದಿಂದ ಹನ್ನೊಂದು ಲಕ್ಷ ದಾಟಿದ್ದು ಹತ್ತೇ ವರ್ಷದಲ್ಲಿ. ಹೊಗೆಸೊಪ್ಪಿನ ಹೊಲಗಳಿದ್ದ ಕಡೆ ಈಗ ಒಂದೇ ಅಚ್ಚಿನ ಮನೆಗಳು. ಸ್ಕೂಲು ಸಾಲದೆ ಎಷ್ಟೋ ಕಡೆ ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಸರದಿ ಪ್ರಕಾರ ರಜೆ ಕೊಟ್ಟು, ವರ್ಷಪೂರ್ತಿ ಸ್ಕೂಲು ನಡೆಸುತ್ತಾರೆ. ಮನೆಯೆದುರೇ ಸ್ಕೂಲಿದ್ದರೂ ಸೀಟು ಭರ್ತಿಯಾಗಿದ್ದರೆ ಹೊಸದಾಗಿ ಬಂದವರ ಮಗು ದೂರದ ಸ್ಕೂಲಿಗೆ ಬಸ್ಸು ಹತ್ತಬೇಕು. ಮನೆ ಬುಕ್ ಮಾಡುವ ಮೊದಲು ಇದನ್ನೊಂದು ವಿಚಾರಿಸಿಕೊಳ್ಳಿ, ಏಜೆಂಟ್ ತಾನಾಗಿ ಹೇಳಲ್ಲ.

ಆದರೆ ನಾನು ನೋಡಿದ ಹಾಗೆ ಅವರಿಗೆ ನಾವು ಬಂದಿದ್ದಕ್ಕಿಂತ ಬಂದಮೇಲೆ ಆಡುವ ಮಾತು ಜಾಸ್ತಿ ಚುಚ್ಚುತ್ತದೆ. ಇಲ್ಲಿ ಒಳ್ಳೆ ಪಿಜ್ಜಾ ಇಲ್ಲ, ಬೇಗಲ್ ಇಲ್ಲ, ಟ್ರೇನ್ ಇಲ್ಲ, ಅಂಗಡಿಯವಳು ಯಾಕಿಷ್ಟು ನಿಧಾನ, ನಮ್ಮಲ್ಲಿ ಹೀಗಿರಲಿಲ್ಲಪ್ಪ. ಹಿಮ ಬಿದ್ದ ದಿನವಂತೂ ಕೇಳಲೇಬೇಡಿ. ಎರಡು ಇಂಚು ಹಿಮದ ಸುದ್ದಿ ಬಂದರೆ ಸಾಕು, ಅಂಗಡಿಗಳಲ್ಲಿ ಬ್ರೆಡ್ಡು ಹಾಲು ಖಾಲಿ, ಸ್ಕೂಲು ಬಂದ್. ಅದನ್ನು ನೋಡಿ ಉತ್ತರದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. 2014ರ ಫೆಬ್ರವರಿಯಲ್ಲಿ ರಾಲಿಯ ಗ್ಲೆನ್‌ವುಡ್ ಅವೆನ್ಯೂದಲ್ಲಿ ಹಿಮದ ಮಧ್ಯೆ ಕಾರೊಂದು ಹೊತ್ತಿ ಉರಿಯುತ್ತಿದ್ದ ಫೋಟೋ ದೇಶಪೂರ್ತಿ ಓಡಾಡಿ ನಗೆಪಾಟಲಾಯಿತು. ಇಲ್ಲಿ ಬೀಳುವುದು ಬರೀ ಹಿಮ ಅಲ್ಲ, ಎಷ್ಟೋ ಸಲ ಕರಗಿ ರಾತ್ರಿ ಮತ್ತೆ ಗಟ್ಟಿಯಾಗಿ ರಸ್ತೆ ಗಾಜಿನ ಹಾಗೆ ಜಾರುತ್ತದೆ. ವರ್ಷಕ್ಕೊಂದೆರಡು ದಿನಕ್ಕಾಗಿ ಹಿಮ ತಳ್ಳುವ ನೂರಾರು ಪ್ಲೌ ಗಾಡಿ ಯಾರು ಸಾಕುತ್ತಾರೆ? ನಗುವವರ ಕಾರೂ ಅದೇ ಚರಂಡಿಯಲ್ಲಿ ಬಿದ್ದಿರುತ್ತೆ ಬಿಡಿ.

ನೀವು ಉತ್ತರದಲ್ಲಿ ಹೇಗೆ ಮಾಡುತ್ತಿದ್ದಿರಿ ಅನ್ನೋದು ನಮಗೆ ಬೇಕಿಲ್ಲ ಅನ್ನುವ ಸ್ಟಿಕ್ಕರ್ ಕಾರಿನ ಹಿಂದೆ ಅಂಟಿಸಿಕೊಂಡವರಿದ್ದಾರೆ. ಒರಟು ಅನ್ನಿಸಬಹುದು. ನಾನು ಮಾತ್ರ ಈ ವಿಷಯದಲ್ಲಿ ಪೂರ್ತಿ ಅವರ ಕಡೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಅಂತ ಇದೇ ಫೇಸ್‌ಬುಕ್‌ನಲ್ಲಿ ಮಾರುದ್ದ ಬರೆಯುವವರು ನಾವು. ಇಲ್ಲಿಯವರು ಕೇಳುವುದು ಅದಕ್ಕಿಂತ ಎಷ್ಟೋ ಕಡಿಮೆ. ಸುಮ್ಸುಮ್ನೆ ಹಾರ್ನ್ ಹೊಡೆಯಬೇಡಿ, ಎದುರಿಗೆ ಸಿಕ್ಕವರಿಗೆ ಕೈ ಎತ್ತಿ, ಹಿರಿಯರಿಗೆ ಸರ್, ಮ್ಯಾಮ್ ಅನ್ನಿ. ಮಾತಿಗೆ ಸಿಕ್ಕಿದವರು ಯಾವ ಚರ್ಚಿಗೆ ಹೋಗ್ತೀರಿ ಅಂತ ಕೇಳಿದರೆ ಗಾಬರಿಯಾಗಬೇಡಿ. ದೇವಸ್ಥಾನಕ್ಕೆ ಅಂದರೆ ಮುಂದಿನ ಪ್ರಶ್ನೆ ಅಲ್ಲಿನ ಊಟದ ಬಗ್ಗೆ ಇರುತ್ತೆ. ಎಲ್ಲರೂ ಹೀಗೇ ಅಂತ ಹೇಳಲ್ಲ, ಮುಖ ಗಂಟುಹಾಕಿಕೊಂಡವರನ್ನೂ ನೋಡಿದ್ದೇನೆ. ಆದರೂ ಕ್ಯಾರಿಯ ವೆಂಕಟೇಶ್ವರ ದೇವಸ್ಥಾನದಲ್ಲಿ 87 ಅಡಿಯ ಗೋಪುರ ಎದ್ದಾಗ, 2022ರಲ್ಲಿ, ರಾಜ್ಯದ ಗವರ್ನರೇ ಬಂದು ಉದ್ಘಾಟಿಸಿದರು.

ಮನೆ ಬೆಲೆ ಏರಿದ್ದರ ಸಿಟ್ಟು ಬೇರೆ. ಅದು ನಿಜ, ಆದರೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ನಮ್ಮನ್ನು ಯಾರೂ ಕರೆಯದೆ ನಾವು ಬಂದಿದ್ದಲ್ಲ. ಐವತ್ತರ ದಶಕದಲ್ಲಿ ಇದು ಬಡ ರಾಜ್ಯ. ಹೊಗೆಸೊಪ್ಪು, ಬಟ್ಟೆ ಗಿರಣಿ, ಪೀಠೋಪಕರಣ, ಮೂರರಲ್ಲೂ ಸಂಬಳ ಕಡಿಮೆ. ಡ್ಯೂಕ್‌ನಲ್ಲೋ ಚಾಪೆಲ್ ಹಿಲ್‌ನಲ್ಲೋ ಓದಿದ ಹುಡುಗರು ಕೆಲಸಕ್ಕೆ ಬೇರೆ ಕಡೆ ಹೋಗುತ್ತಿದ್ದರು. ಅದಕ್ಕೇ 1959ರಲ್ಲಿ ಕಂಪನಿಗಳನ್ನು, ಸಂಶೋಧನಾ ಸಂಸ್ಥೆಗಳನ್ನು ಕರೆತರಲು ರಿಸರ್ಚ್ ಟ್ರಯಾಂಗಲ್ ಪಾರ್ಕ್ ಮಾಡಿದರು. 1965ರಲ್ಲಿ ಐಬಿಎಂ ಬಂತು, ಅದರ ಹಿಂದೆ ಉತ್ತರದವರು ಬಂದರು. ನಮ್ಮ ಪಕ್ಕದ ಮನೆಯ ಹಿರಿಯರ ತಂದೆ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಸೊಪ್ಪನ್ನು ಕೋಲಿಗೆ ಕಟ್ಟಿ, ಬಿಸಿ ಮಾಡಿದ ಮರದ ಕೊಟ್ಟಿಗೆಯಲ್ಲಿ ತೂಗುಹಾಕಿ, ರಾತ್ರಿಯೆಲ್ಲ ಎದ್ದು ಬೆಂಕಿ ನೋಡಿಕೊಳ್ಳಬೇಕಿತ್ತಂತೆ. "ಸಿಟ್ಟು ಯಾರ ಮೇಲೆ ಮಾಡ್ಲಿ? ಬಿಲ್ಡರ್ ತಂದ ಕಾಗದಕ್ಕೆ ಸಹಿ ಹಾಕಿದ್ದು ನಮ್ಮಪ್ಪನೇ," ಅನ್ನುತ್ತಾರೆ. ಒಳ್ಳೆ ರೇಟು ಬಂತು ಅನ್ನೋದನ್ನೂ ಮುಚ್ಚಿಡಲ್ಲ.

ಮಾರುವುದಕ್ಕೆ ಹೊಲ ಇಲ್ಲದವರ ಕಥೆ ಬೇರೆ. ರಾಲಿಯ ಆಗ್ನೇಯ ಭಾಗದಲ್ಲಿ, ಶಾ ಯೂನಿವರ್ಸಿಟಿಯ ಆಸುಪಾಸಿನಲ್ಲಿ, ತಲೆಮಾರುಗಳಿಂದ ಇರುವ ಕರಿಯರ ಮನೆಗಳ ಮಧ್ಯೆ ಓಡಾಡಿ ನೋಡಿ. ಸಣ್ಣ ಮರದ ಮನೆ ಕೆಡವಿ ಅದೇ ಸೈಟಿನಲ್ಲಿ ಮೂರಂತಸ್ತಿನದು ಎದ್ದಿರುತ್ತೆ. ಪಕ್ಕದಲ್ಲೇ ಅಜ್ಜಿಯೊಬ್ಬರು ಹಳೇ ವರಾಂಡದಲ್ಲಿ ಕೂತಿರುತ್ತಾರೆ. 2024ರಲ್ಲಿ ವೇಕ್ ಕೌಂಟಿ ಆಸ್ತಿ ತೆರಿಗೆಗಾಗಿ ಮರುಮೌಲ್ಯಮಾಪನ ಮಾಡಿದಾಗ ಮನೆಗಳ ಬೆಲೆ ಸರಾಸರಿ ಅರ್ಧಕ್ಕಿಂತ ಜಾಸ್ತಿ ಏರಿತ್ತು. ತೆರಿಗೆ ದರ ಇಳಿಸಿದರೇನು, ಸರಾಸರಿಗಿಂತ ಹೆಚ್ಚು ಏರಿದ ಬೀದಿಯವರಿಗೆ ಬಿಲ್ಲು ದೊಡ್ಡದಾಗಿಯೇ ಬರುತ್ತೆ. ಪಕ್ಕದ ಊರು ಡರ್ಹಮ್‌ನ ಹೇಟೈ ಎಂಬ ಕರಿಯರ ಪೇಟೆಯನ್ನಂತೂ ಹೈವೇಗಾಗಿ ಅರವತ್ತರ ದಶಕದಿಂದಲೇ ಕೆಡವುತ್ತಾ ಬಂದರು, ನಮ್ಮಂಥವರ ಸುಳಿವೂ ಇಲ್ಲದ ಕಾಲದಲ್ಲಿ. ಯಾಂಕಿ ಜೋಕುಗಳಲ್ಲಿ ಇವರ ಮಾತೇ ಬರಲ್ಲ.

ಬಾಡಿಗೆ, ಬೆಲೆ ಇಳಿಯಬೇಕಾದರೆ ಮನೆ ಜಾಸ್ತಿ ಕಟ್ಟಬೇಕು. ಅದಕ್ಕೆ ಅಡ್ಡಗಾಲು ಹಾಕುವವರು ಹಳಬರು ಮಾತ್ರ ಅಂದುಕೊಂಡಿದ್ದೀರಾ? ರೈಲಿನ ಜನರಲ್ ಬೋಗಿಯಲ್ಲಿ ತೂರಿಕೊಂಡು ಒಳಗೆ ಬಂದವನೇ ಬಾಗಿಲಲ್ಲಿ ನಿಂತು "ಜಾಗ ಇಲ್ಲ, ಮುಂದೆ ಹೋಗಿ" ಅಂತ ಕೂಗ್ತಾನಲ್ಲ, ಹಾಗೆ. ಈಚೆಗೆ ನಮ್ಮ ಕಡೆ ಅಪಾರ್ಟ್‌ಮೆಂಟ್ ಯೋಜನೆಯೊಂದರ ಅಹವಾಲು ಸಭೆಗೆ ಹೋಗಿದ್ದೆ. ಟ್ರಾಫಿಕ್ ಆಗುತ್ತೆ, ಸ್ಕೂಲು ಹಾಳಾಗುತ್ತೆ, ಊರಿನ ಗುಣವೇ ಹೋಗುತ್ತೆ ಅಂತ ಎಲ್ಲರಿಗಿಂತ ಜೋರಾಗಿ ಮೈಕ್ ಹಿಡಿದು ಮಾತಾಡಿದ್ದು ನಮ್ಮ ಕನ್ನಡದವರೇ ಒಬ್ಬರು. ಅವರು ಕ್ಯಾಲಿಫೋರ್ನಿಯಾದಿಂದ ಬಂದು ಇನ್ನೂ ಎರಡು ವರ್ಷ ಆಗಿಲ್ಲ.